ಕೂಡಿಟ್ಟ ಹಣಕ್ಕೆ ಕೈ ಹಾಕದಿರುವುದು ಹೇಗೆ? ಎರಡು ಡಬ್ಬಿಗಳ ಲೆಕ್ಕ



ಕಳೆದ ತಿಂಗಳ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಕೆಲಮಂಗಲದ ಕಡೆಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ಹತ್ತು ವರ್ಷದಿಂದ ದುಡ್ಡು ಕಟ್ಟುತ್ತಲೇ ಇದ್ದೀನಿ. ಕೈಯಲ್ಲಿ ಮಾತ್ರ ಏನೂ ಇಲ್ಲ. ಇಪ್ಪತ್ತು ಸಾವಿರ ಆಗುತ್ತಿದ್ದ ಹಾಗೆ ಏನೋ ಒಂದು ಬಂದುಬಿಡುತ್ತೆ, ತೆಗೆದುಬಿಡ್ತೀನಿ. ನಿಮಗೆ ಮನಸ್ಸು ಗಟ್ಟಿ ಇಲ್ಲ ಅಂತ ಮನೇಲಿ ಬೈತಾರೆ" ಎಂದರು. ಅಲ್ಲೇ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳುವ ವಿಷಯ ಅದಾಗಿರಲಿಲ್ಲ. ಇದೇ ತೊಂದರೆ ನಮ್ಮಲ್ಲಿ ಅನೇಕರಿಗೆ ಇದೆ. ಅದಕ್ಕೇ ಈ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಕಥೆ ಹೇಳುತ್ತೇನೆ. ಹೊಸೂರು ಸಿಪ್‌ಕಾಟ್‌ನ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ನಾನು ಗುಮಾಸ್ತನಾಗಿದ್ದವನು. ಊರಿನವರ ಲೆಕ್ಕವನ್ನೆಲ್ಲ ಪೈಸೆ ತಪ್ಪದಂತೆ ಬರೆದವನು ಮನೆಯ ಲೆಕ್ಕದಲ್ಲಿ ಎಡವಿದೆ. ಮಗಳ ಓದಿಗೆಂದು ಆರ್‌ಡಿ ಕಟ್ಟುತ್ತಿದ್ದೆ. ಮೂರು ಸಲ ಅದನ್ನು ಮುರಿದೆ. ಮೊದಲನೆಯ ಸಲ ಬಣ್ಣದ ಟಿವಿಗೆ, ಎರಡನೆಯ ಸಲ ಅಕ್ಕನ ಮಗನ ಮದುವೆಗೆ, ಮೂರನೆಯ ಸಲ ಮಳೆಗಾಲದಲ್ಲಿ ಸೋರುತ್ತಿದ್ದ ಸೂರಿಗೆ. ಮೂರು ಸಲವೂ ಕಾರಣ ಸರಿಯಾಗಿಯೇ ಇತ್ತು. ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿ ಹತ್ತು ದಿನದೊಳಗೆ 38,000 ರೂಪಾಯಿ ಕಟ್ಟಬೇಕೆಂದಾಗ ಪಾಸ್‌ಬುಕ್ ತೆರೆದರೆ ನಾಲ್ಕು ಸಾವಿರವೂ ಇರಲಿಲ್ಲ. ನೂರಕ್ಕೆ ಐದು ರೂಪಾಯಿ ತಿಂಗಳ ಬಡ್ಡಿಗೆ 20,000 ಕೈಸಾಲ ತಂದೆ. ಉಳಿದದ್ದಕ್ಕೆ ನಮ್ಮ ಮನೆಯವರು ಕೈಯಿಂದ ಎರಡು ಬಳೆ ತೆಗೆದುಕೊಟ್ಟರು, ಗಿರವಿ ಇಟ್ಟೆ. ಹದಿನಾಲ್ಕು ತಿಂಗಳು ತಿಂಗಳಿಗೆ ಸಾವಿರದಂತೆ ಬರೀ ಬಡ್ಡಿ ಕಟ್ಟಿದೆ. ಕೊನೆಗೆ ಬೋನಸ್ ಹಣದಲ್ಲಿ ಅಸಲು ತೀರಿಸಿದೆ. ಬಳೆ ಬಿಡಿಸಿಕೊಳ್ಳಲು ಆಗಲಿಲ್ಲ, ಹರಾಜಿಗೆ ಹೋಯಿತು. ಅವರು ಆ ಮಾತನ್ನು ಇವತ್ತಿನವರೆಗೂ ಎತ್ತಿಲ್ಲ. ನಾನು ಮರೆತಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಒಂದು ವಿಷಯ ಹೊಳೆಯಿತು. ಮೂರು ಖರ್ಚಿನಲ್ಲಿ ನಿಜವಾದ ತುರ್ತು ಒಂದೇ, ಸೂರಿನ ರಿಪೇರಿ. ಅದಕ್ಕೆ ಬೇಕಾಗಿದ್ದುದು ಐದು ಸಾವಿರ. ಆ ಐದು ಸಾವಿರ ಬೇರೆ ಕಡೆ ಇರಲಿಲ್ಲವೆಂದು ಇಡೀ ಆರ್‌ಡಿಯನ್ನೇ ಮುರಿದೆ. ನನ್ನ ಬಳಿ ಇದ್ದದ್ದು ಒಂದೇ ಡಬ್ಬಿ. ಮಳೆಗೂ ಅದೇ, ಮದುವೆಗೂ ಅದೇ, ಮಗಳ ಓದಿಗೂ ಅದೇ. ಒಂದೇ ಡಬ್ಬಿ ಇರುವ ಮನೆಯಲ್ಲಿ ಎಷ್ಟು ಗಟ್ಟಿ ಮನಸ್ಸಿನವರಾದರೂ ಅದಕ್ಕೆ ಕೈ ಹಾಕಲೇಬೇಕಾಗುತ್ತದೆ.

ನನ್ನ ಮೇಜಿನ ಮೇಲೆ ಕಂಡದ್ದು

ಕೆಲಸದಲ್ಲಿದ್ದಾಗ ಪಿಎಫ್ ಮುಂಗಡದ ಅರ್ಜಿ, ಅಂದರೆ ಫಾರಂ 31, ನನ್ನ ಮೇಜಿನ ಮೂಲಕವೇ ಹೋಗುತ್ತಿತ್ತು. ಮದುವೆಗೆಂದರೆ ಲಗ್ನಪತ್ರಿಕೆ ಲಗತ್ತಿಸಬೇಕಿತ್ತು. ಮೇಲಧಿಕಾರಿಯ ಸಹಿ ಬೇಕಿತ್ತು. ಹಣ ಬರಲು ವಾರಗಳು ಹಿಡಿಯುತ್ತಿದ್ದವು. ಎಲ್ಲರೂ ಬೈದುಕೊಳ್ಳುತ್ತಿದ್ದರು. ಆದರೆ ಫಾರಂ ತೆಗೆದುಕೊಂಡು ಹೋದವರಲ್ಲಿ ಕೆಲವರು ಅದನ್ನು ತುಂಬಿ ವಾಪಸು ತರುತ್ತಲೇ ಇರಲಿಲ್ಲ. "ಬೇಡ ಸಾರ್, ಹೇಗೋ ನಿಭಾಯಿಸಿದೆ" ಎನ್ನುತ್ತಿದ್ದರು. ಆ ಎರಡು ವಾರದ ಕಾಯುವಿಕೆಯೇ ಅವರ ಹಣ ಕಾಯುತ್ತಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಈಗ ಅದೇ ಅರ್ಜಿ ಮೊಬೈಲಿನಲ್ಲೇ ಹೋಗುತ್ತದೆ. 2020ರಲ್ಲಿ ಕೊರೊನಾ ಬಂದಾಗ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಅಥವಾ ಖಾತೆಯಲ್ಲಿರುವುದರ ಶೇ. 75, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಪಿಎಫ್‌ನಿಂದ ತೆಗೆಯಲು ಸರ್ಕಾರ ಅವಕಾಶ ಕೊಟ್ಟಿತು. ಕೆಲಸ ನಿಂತವರಿಗೆ ಅದು ಅನ್ನ ಕೊಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಬಳ ನಿಲ್ಲದೆ ಬರುತ್ತಿದ್ದ ಕೆಲವರೂ "ಸಿಗುತ್ತದಲ್ಲ" ಎಂದು ತೆಗೆದದ್ದನ್ನು ನಾನು ಬಲ್ಲೆ. ಅದು ವಾಪಸು ಕಟ್ಟಬೇಕಾದ ಸಾಲವಲ್ಲ. ತೆಗೆದದ್ದು ಹೋಯಿತು, ಅದರ ಮೇಲೆ ಮುಂದಿನ ವರ್ಷಗಳಲ್ಲಿ ಬೆಳೆಯಬೇಕಿದ್ದ ಬಡ್ಡಿಯೂ ಹೋಯಿತು.

ಹಣ ತೆಗೆಯುವುದು ಸುಲಭವಾದಷ್ಟೂ ಉಳಿಸುವುದು ಕಷ್ಟವಾಗುತ್ತದೆ. ಆದ್ದರಿಂದ ತೆಗೆಯುವ ದಾರಿಯಲ್ಲಿ ಒಂದು ಸಣ್ಣ ಅಡ್ಡಿಯನ್ನು ನಾವೇ ಇಟ್ಟುಕೊಳ್ಳಬೇಕು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಉಡುಪಿಯ ಪಿಗ್ಮಿ, ಧರ್ಮಪುರಿಯ ಕುಳು

1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ಬ್ಯಾಂಕಿನ ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿ ಮುಂದಕ್ಕೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದ. ದಿನಗೂಲಿಯವರು, ಹೂವು ಮಾರುವವರು, ಸಣ್ಣ ಅಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತದೆ ಖಾತೆದಾರರಾದರು. ಇವತ್ತಿಗೂ ಕರ್ನಾಟಕದಲ್ಲಿ ಯಾವ ಸೊಸೈಟಿಯ ದಿನಗಂತಿಗಾದರೂ ಜನ "ಪಿಗ್ಮಿ" ಎಂದೇ ಹೇಳುತ್ತಾರೆ.

ಇದರ ಗುಟ್ಟು ಬಡ್ಡಿಯಲ್ಲಿ ಇರಲಿಲ್ಲ. ಹಣ ಬಂದ ದಿನವೇ, ಆಸೆ ಹುಟ್ಟುವ ಮೊದಲೇ, ಕೈ ಬಿಟ್ಟು ಹೋಗುತ್ತಿತ್ತು. ಏಜೆಂಟ್ ಎದುರಿಗೆ ನಿಂತಾಗ "ಇವತ್ತು ಬೇಡಪ್ಪಾ" ಎನ್ನಲು ಸಂಕೋಚವಾಗುತ್ತಿತ್ತು. ಅವಧಿಗೆ ಮೊದಲೇ ತೆಗೆದರೆ ನಷ್ಟವೂ ಇತ್ತು.

ಇನ್ನೊಂದು ಉದಾಹರಣೆ ನಮ್ಮ ಮನೆಯಂಗಳದ್ದೇ. ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಅದಕ್ಕೆ ಮೊದಲು ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಎಲ್ಲವೂ ಧರ್ಮಪುರಿ ಜಿಲ್ಲೆಯಲ್ಲಿದ್ದವು. ತಮಿಳುನಾಡು ಸರ್ಕಾರದ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ 1989ರಲ್ಲಿ ಮೊಟ್ಟಮೊದಲು ಶುರುವಾದದ್ದು ಈ ಧರ್ಮಪುರಿ ಜಿಲ್ಲೆಯಲ್ಲೇ. ಬೆಂಗಳೂರಿನ ಮೈರಾಡ ಸಂಸ್ಥೆಯೂ ಇಲ್ಲಿ ಜೊತೆಗೂಡಿ ಕೆಲಸ ಮಾಡಿತು. ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಕೈಗೆತ್ತಿಕೊಂಡಿತು. ಈಗ ನಮ್ಮ ಕಡೆ "ಕುಳು" ಎಂದರೆ ತಿಳಿಯದ ಹೆಣ್ಣುಮಗಳಿಲ್ಲ.

ಕುಳುವಿನಲ್ಲಿ ಎಲ್ಲರೂ ನಿಗದಿ ಹಣ ಕಟ್ಟುತ್ತಾರೆ. ತುರ್ತು ಬಂದವರಿಗೆ ಆ ಹಣದಿಂದಲೇ ಸಾಲ ಸಿಗುತ್ತದೆ. ಆದರೆ ಹತ್ತು-ಹದಿನೈದು ಜನರ ಎದುರು "ಯಾಕೆ ಬೇಕು, ಯಾವಾಗ ಕಟ್ಟುತ್ತೀನಿ" ಎಂದು ಹೇಳಬೇಕು. ಆಸ್ಪತ್ರೆಗೆ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಬೀರುವಿನಲ್ಲಿ ಹತ್ತು ಸೀರೆ ಇರುವಾಗ ಹನ್ನೊಂದನೆಯದಕ್ಕೆ ಎಂದು ಕೇಳಲು ಬಾಯಿ ಬರುವುದಿಲ್ಲ. ಬೀಗವೂ ಇದೆ, ಬೇಕಾದಾಗ ತೆರೆಯುವ ಕೀಲಿಯೂ ಇದೆ. ಕೀಲಿ ಒಬ್ಬರ ಕೈಯಲ್ಲಿಲ್ಲ, ಅಷ್ಟೇ.

ಬೀಗ ಎಷ್ಟು ಬಿಗಿಯಿರಬೇಕು?

ಹಾಗಾದರೆ ಇರುವ ಹಣವನ್ನೆಲ್ಲ ಬೀಗ ಹಾಕಿ ಇಟ್ಟರೆ ಆಯಿತಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಇದನ್ನು ಹೊರದೇಶಗಳಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ.

ಫಿಲಿಪೈನ್ಸ್ ದೇಶದ ಒಂದು ಬ್ಯಾಂಕ್ ತನ್ನ ಕೆಲವು ಗ್ರಾಹಕರಿಗೆ, ತಾವೇ ಗೊತ್ತು ಮಾಡಿದ ದಿನ ಅಥವಾ ಮೊತ್ತ ಬರುವವರೆಗೆ ಹಣ ತೆಗೆಯಲಾಗದ ಖಾತೆ ಕೊಡುತ್ತೇವೆ ಎಂದಿತು. ಹೆಚ್ಚಿನ ಬಡ್ಡಿಯೇನೂ ಇರಲಿಲ್ಲ. ಆದರೂ ನೂರಕ್ಕೆ 28 ಜನ ಒಪ್ಪಿದರು. ಒಂದು ವರ್ಷದ ನಂತರ ನೋಡಿದರೆ ಈ ಅವಕಾಶ ಸಿಕ್ಕವರ ಉಳಿತಾಯ, ಸಿಗದವರಿಗಿಂತ ಬಹಳ ಹೆಚ್ಚಾಗಿತ್ತು. 2006ರಲ್ಲಿ ಇದರ ವರದಿ ಪ್ರಕಟವಾಯಿತು.

ಕೀನ್ಯಾ ದೇಶದ ಹಳ್ಳಿಗಳಲ್ಲಿ ನಡೆದ ಇನ್ನೊಂದು ಪರೀಕ್ಷೆಯ ಫಲ 2013ರಲ್ಲಿ ಬಂತು. ಆರೋಗ್ಯದ ಖರ್ಚಿಗೆ ಕೂಡಿಡಲು ಕೆಲವರಿಗೆ ಕಬ್ಬಿಣದ ಡಬ್ಬಿ, ಬೀಗ, ಕೀಲಿ ಮೂರೂ ಕೊಟ್ಟರು. ಇನ್ನು ಕೆಲವರಿಗೆ ಡಬ್ಬಿ ಮಾತ್ರ ಕೊಟ್ಟು ಕೀಲಿಯನ್ನು ಯೋಜನೆಯವರೇ ಇಟ್ಟುಕೊಂಡರು. ಹೆಚ್ಚು ಕೂಡಿಸಿ ಸೊಳ್ಳೆ ಪರದೆಯಂಥವನ್ನು ಕೊಂಡವರು ಕೀಲಿ ಕೈಯಲ್ಲಿದ್ದವರೇ! ಕೀಲಿ ಇಲ್ಲದವರಲ್ಲಿ ಹೇಳುವಂಥ ಹೆಚ್ಚಳವಾಗಲಿಲ್ಲ. ನಾಳೆ ಮಗುವಿಗೆ ಜ್ವರ ಬಂದರೆ ಹಣ ಸಿಗುವುದಿಲ್ಲ ಎಂಬ ಅಂಜಿಕೆಯಿಂದ ಅವರು ಆ ಡಬ್ಬಿಗೆ ಹೆಚ್ಚು ಹಾಕಲಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತುರ್ತಿನ ಹಣಕ್ಕೆ ಬಿಗಿ ಬೀಗ ಹಾಕಬಾರದು. ದೂರದ ಉದ್ದೇಶದ ಹಣಕ್ಕೆ ಬೀಗ ಹಾಕದೆ ಇರಬಾರದು. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಯಾವ ಬೀಗವೂ ಕೆಲಸ ಮಾಡುವುದಿಲ್ಲ.

ಮೊದಲನೆಯದು: ತೆರೆದ ಡಬ್ಬಿ

ಜ್ವರ, ಸ್ಕೂಟರ್ ರಿಪೇರಿ, ಮೋಟಾರ್ ಸುಟ್ಟುಹೋಗುವುದು, ಊರಲ್ಲಿ ಸಾವು. ಇವೆಲ್ಲ ಬರುತ್ತವೆ ಎಂದು ಗೊತ್ತು, ಯಾವಾಗ ಎಂದು ಗೊತ್ತಿಲ್ಲ. ಇದಕ್ಕೆ ಪ್ರತ್ಯೇಕ ಉಳಿತಾಯ ಖಾತೆ ಇರಲಿ. ಅಂಚೆ ಕಚೇರಿಯದ್ದಾದರೂ ಸರಿ, ಬ್ಯಾಂಕಿನದ್ದಾದರೂ ಸರಿ. ಸಂಬಳ ಬರುವ ಖಾತೆ ಬೇಡ, ಮೊಬೈಲ್ ಪೇಮೆಂಟಿಗೆ ಜೋಡಿಸಿದ ಖಾತೆಯೂ ಬೇಡ. ತೆಗೆಯಬೇಕಾದರೆ ಎದ್ದು ಹೋಗಿ ತೆಗೆಯುವಂತಿರಲಿ.

ಎಷ್ಟು ಇರಬೇಕು? ಕಾರ್ಖಾನೆ ಕೆಲಸದವರಿಗೆ ಮೊದಲ ಗುರಿ ಒಂದು ತಿಂಗಳ ಮನೆ ಖರ್ಚು. ತಳಿ, ಬಾಗಲೂರು ಕಡೆ ಗುಲಾಬಿ, ತರಕಾರಿ ಬೆಳೆಯುವವರಿಗೆ ಎರಡು-ಮೂರು ತಿಂಗಳದ್ದು ಬೇಕು. ಮದುವೆ ಕಾಲದಲ್ಲಿ ಹೂವಿಗಿರುವ ಬೆಲೆ ಆಷಾಢದಲ್ಲಿ ಇರುವುದಿಲ್ಲ ಎಂಬುದು ನನಗಿಂತ ಅವರಿಗೇ ಗೊತ್ತು. ಈ ಡಬ್ಬಿ ತುಂಬುವವರೆಗೆ ಬೇರೆ ಉಳಿತಾಯ ಸ್ವಲ್ಪವೇ ಇರಲಿ. ಡಬ್ಬಿಯಿಂದ ತೆಗೆದರೆ ನಾಚಿಕೆ ಬೇಡ, ಅದು ಇರುವುದೇ ಅದಕ್ಕೆ. ಆದರೆ ತೆಗೆದ ದಿನವೇ ಒಂದು ಚೀಟಿಯಲ್ಲಿ "ಇಷ್ಟು ತೆಗೆದೆ, ಇಷ್ಟು ತಿಂಗಳಲ್ಲಿ ತುಂಬುತ್ತೇನೆ" ಎಂದು ಬರೆದು ಪಾಸ್‌ಬುಕ್ಕಿನೊಳಗೆ ಇಡಿ.

ಎರಡನೆಯದು: ಬೀಗದ ಡಬ್ಬಿ

ಇದಕ್ಕೆ ನಾನು ಹೇಳುವುದು ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ. ನಮ್ಮಂಥ ಗಡಿಯವರಿಗೆ ಅನುಕೂಲವೇನೆಂದರೆ ಅತ್ತಿಬೆಲೆಯಲ್ಲಿ ಕಟ್ಟಿದರೂ ಹೊಸೂರಿನಲ್ಲಿ ಕಟ್ಟಿದರೂ ನಿಯಮ ಒಂದೇ. ತಿಂಗಳಿಗೆ ಕನಿಷ್ಠ 100 ರೂಪಾಯಿ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. 2023ರ ಅಕ್ಟೋಬರಿನಲ್ಲಿ ಅದು ಶೇ. 6.7 ಆಯಿತು. ಆ ದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ 60,000 ಕಟ್ಟಿ 71,366 ಪಡೆಯುತ್ತೀರಿ.

ಇದರ ಬೀಗ ಹೀಗಿದೆ. ಮೂರು ವರ್ಷ ಆಗುವವರೆಗೆ ಖಾತೆ ಮುಚ್ಚಲು ಬರುವುದಿಲ್ಲ. ಮೂರು ವರ್ಷದ ಮೇಲೆ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿ, ಅಂದರೆ ಶೇ. 4 ಮಾತ್ರ ಸಿಗುತ್ತದೆ. ಇದರ ಕೀಲಿಯೂ ಇದೆ. ಹನ್ನೆರಡು ಕಂತು ಕಟ್ಟಿ ಒಂದು ವರ್ಷ ಆದಮೇಲೆ ಖಾತೆಯಲ್ಲಿರುವುದರ ಅರ್ಧದವರೆಗೆ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿ ದರಕ್ಕಿಂತ ಶೇ. 2 ಹೆಚ್ಚು.

ಮೂರು ವರ್ಷ ಕಟ್ಟಿದವರಿಗೆ ಆರು ತಿಂಗಳ ಮಟ್ಟಿಗೆ 10,000 ಬೇಕಾಯಿತು ಎಂದುಕೊಳ್ಳಿ. ಮೂರು ದಾರಿಗಳಿವೆ.

ಆರ್‌ಡಿ ಮುಚ್ಚಿದರೆ 36,000ದ ಮೇಲೆ ಸುಮಾರು 3,950 ಬರಬೇಕಿದ್ದ ಬಡ್ಡಿ ಸುಮಾರು 2,200ಕ್ಕೆ ಇಳಿಯುತ್ತದೆ. ಬಡ್ಡಿಯ ನಷ್ಟ 1,700ರ ಸುತ್ತಮುತ್ತ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಬೇಕಾದದ್ದು ಹತ್ತು ಸಾವಿರ, ಕೈಗೆ ಬಂದದ್ದು ಮೂವತ್ತೆಂಟು ಸಾವಿರ. ಉಳಿದ ಇಪ್ಪತ್ತೆಂಟು ಸಾವಿರ ಎಲ್ಲಿ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಆರ್‌ಡಿ ಮೇಲೆ ಸಾಲ ತೆಗೆದರೆ ಶೇ. 8.7ರಂತೆ ಆರು ತಿಂಗಳ ಬಡ್ಡಿ 435 ರೂಪಾಯಿ. ಆರ್‌ಡಿ ಹಾಗೇ ಬೆಳೆಯುತ್ತಿರುತ್ತದೆ.

ನೂರಕ್ಕೆ ಐದರಂತೆ ಹೊರಗೆ ತಂದರೆ ಆರು ತಿಂಗಳಿಗೆ ಬಡ್ಡಿ 3,000. ಇಂಥ ಕಂದುವಟ್ಟಿಯನ್ನು ತಡೆಯಲು ತಮಿಳುನಾಡಿನಲ್ಲಿ 2003ರಲ್ಲೇ ಕಾನೂನು ಬಂದಿದೆ. ಆದರೂ ತೆಗೆದುಕೊಳ್ಳುವವರು ನಿಂತಿಲ್ಲ, ಯಾಕೆಂದರೆ ಅದು ಅರ್ಧ ಗಂಟೆಯಲ್ಲಿ ಸಿಗುತ್ತದೆ. ತೆರೆದ ಡಬ್ಬಿ ಇಲ್ಲದವರು ಹೋಗುವ ಬಾಗಿಲು ಅದೇ.

ಇನ್ನೆರಡು ಸೂಚನೆ. ತಿಂಗಳ 15ರೊಳಗೆ ಖಾತೆ ತೆರೆದರೆ ಮುಂದಿನ ಕಂತುಗಳೂ 15ರೊಳಗೆ ಕಟ್ಟಬೇಕಾಗುತ್ತದೆ. ಸಂಬಳದವರಿಗೆ ಇದೇ ಒಳ್ಳೆಯದು, ಸಂಬಳ ಕರಗುವ ಮೊದಲೇ ಕಂತು ಹೋಗುತ್ತದೆ. ಬೆಳೆ ಮಾರಿದಾಗ ಮಾತ್ರ ಹಣ ನೋಡುವವರು ಕೆಲವು ತಿಂಗಳ ಕಂತನ್ನು ಮುಂಗಡವಾಗಿಯೇ ಕಟ್ಟಬಹುದು. ಒಂದು ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಸತತ ನಾಲ್ಕು ತಪ್ಪಿದರೆ ಖಾತೆ ನಿಲ್ಲುತ್ತದೆ, ಆಮೇಲೆ ಎರಡು ತಿಂಗಳೊಳಗೆ ಸರಿಪಡಿಸಿಕೊಳ್ಳಬೇಕು. ಅಂಚೆ ಇಲಾಖೆಯ ಅಧಿಕೃತ ಮಹಿಳಾ ಏಜೆಂಟರು ಮನೆಗೇ ಬಂದು ಕಂತು ಪಡೆಯುತ್ತಾರೆ. ಅವರ ಅಧಿಕಾರ ಪತ್ರ ನೋಡಿ, ಪಾಸ್‌ಬುಕ್ಕಿನಲ್ಲಿ ನಮೂದು ಆಗಿದೆಯೇ ಎಂದು ಪ್ರತಿ ತಿಂಗಳೂ ನೋಡಿ.

ಪಾಸ್‌ಬುಕ್ಕಿನ ರಟ್ಟಿನ ಮೇಲೆ ಉದ್ದೇಶ ಬರೆಯಿರಿ. "ಆರ್‌ಡಿ ದುಡ್ಡು" ಎಂದು ಹೇಳುವಾಗ ಅದು ಟಿವಿಗೂ ಆಗುತ್ತದೆ. "ಪವಿತ್ರಾಳ ಕಾಲೇಜು, 2030 ಜೂನ್" ಎಂದು ಬರೆದದ್ದನ್ನು ಒಯ್ದು ಟಿವಿ ತರಲು ಕೈ ಹಿಂದೆಗೆಯುತ್ತದೆ. ಹತ್ತು ವರ್ಷದೊಳಗಿನ ಹೆಣ್ಣುಮಗು ಇರುವವರು 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನೂ ಯೋಚಿಸಬಹುದು. ಅದರ ಬೀಗ ಇನ್ನೂ ಬಿಗಿ: ಮಗಳಿಗೆ ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೆಯ ತರಗತಿ ಪಾಸಾದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು.

ಚೀಟಿ ಹಾಕಬಹುದೇ?

ಇದನ್ನು ಕೇಳದ ಸದಸ್ಯರಿಲ್ಲ. ಚೀಟಿಯಲ್ಲಿ ಒಳ್ಳೆಯ ಗುಣವಿದೆ. ತಿಂಗಳು ತಪ್ಪದೆ ಕಟ್ಟಲೇಬೇಕು, ಹತ್ತಾರು ಜನ ನೋಡುತ್ತಿರುತ್ತಾರೆ. ತೊಂದರೆಯೆಂದರೆ, ಆಸೆಗೆ ಬಿದ್ದು ಬೇಗ ಕೂಗಿ ಎತ್ತಿದರೆ ತಳ್ಳಿ ಹೋಗುವ ಹಣವೂ ಹೆಚ್ಚು, ಆಮೇಲೆ ಉಳಿದ ತಿಂಗಳೆಲ್ಲ ಕಟ್ಟುವುದು ಸಾಲದ ಕಂತೇ. ಉಳಿತಾಯಕ್ಕೆಂದು ಹಾಕಿದವರು ಕೊನೆಯವರೆಗೆ ಕಾಯಬೇಕು. ಕಾಯುವಷ್ಟು ದಿನ ನಡೆಸುವವರು ನಂಬಿಕಸ್ಥರಾಗಿಯೇ ಇರಬೇಕು. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್‌ಗೆ ಮಿತಿಯಿದೆ. 2019ರ ತಿದ್ದುಪಡಿಯಿಂದ ಅದು ಶೇ. 7. ನೋಂದಣಿ ಇಲ್ಲದ ಬೀದಿ ಚೀಟಿಯಲ್ಲಿ ಹಣ ಹೋದರೆ ಕೇಳಲು ಕಾಗದವೇ ಇರುವುದಿಲ್ಲ.

"ಸಂಘದಲ್ಲೇ ಒಂದು ಚೀಟಿ ನಡೆಸಿ, ನಿಮ್ಮ ಮೇಲೆ ನಂಬಿಕೆ ಇದೆ" ಎಂದು ಕೆಲವರು ಪ್ರೀತಿಯಿಂದ ಹೇಳುತ್ತೀರಿ. ಅದು ಸಂಘದ ಕೆಲಸವಲ್ಲ. ಸದಸ್ಯರ ಉಳಿತಾಯದ ಒಂದು ರೂಪಾಯಿಯನ್ನೂ ಸಂಘ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಾವು ಮಾಡಬಹುದಾದದ್ದು ಬೇರೆ ಇದೆ.

ಸಂಘದಿಂದ ಏನು?

ಅಂಚೆ ಕಚೇರಿಯ ಫಾರಂ ತಮಿಳು, ಇಂಗ್ಲಿಷಿನಲ್ಲಿ ಇರುತ್ತದೆ ಎಂದು ನಮ್ಮ ಹಿರಿಯ ತಾಯಂದಿರು ಹಿಂಜರಿಯುತ್ತಾರೆ. ಮುಂದಿನ ಮಾಸಿಕ ಸಭೆಯ ದಿನ ಒಂದು ಗಂಟೆ ಮೊದಲೇ ನಾನು ಮೇಜು ಹಾಕಿಕೊಂಡು ಕೂತಿರುತ್ತೇನೆ. ಆಧಾರ್, ಪ್ಯಾನ್ ಕಾರ್ಡ್, ಎರಡು ಫೋಟೋ ತನ್ನಿ. ಫಾರಂ ತುಂಬಿಕೊಡುತ್ತೇನೆ, ಕನ್ನಡದಲ್ಲಿ ಓದಿ ಹೇಳುತ್ತೇನೆ. ಹಣ ತರಬೇಡಿ. ಅಂಚೆ ಕಚೇರಿಯ ಕೌಂಟರಿನಲ್ಲಿ ನೀವೇ ಕಟ್ಟಿ. ಎಟಿಎಂ ಪಿನ್, ಒಟಿಪಿ ನನಗೂ ಹೇಳಬೇಡಿ.

ಇನ್ನೊಂದು ಸಲಹೆ. ಕುಳುವಿನ ಹೆಂಗಸರಿಂದ ಕಲಿತದ್ದು. ಬೀಗದ ಡಬ್ಬಿ ತೆರೆಯುವ ಮೊದಲು ಕೇಳಬೇಕಾದ ಒಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಹೆಂಡತಿ, ಗಂಡ, ಅಣ್ಣ, ಸ್ನೇಹಿತ ಯಾರಾದರೂ ಸರಿ. "ನಾನು ಇದನ್ನು ತೆಗೆಯುತ್ತೇನೆ ಎಂದರೆ, ಯಾಕೆ ಎಂದು ಒಂದು ಸಲ ಕೇಳು" ಎಂದು ಹೇಳಿಡಿ. ದೀಪಾವಳಿ ಬೋನಸ್ ಬರುವ ಮೊದಲು, ಆಡಿ ತಿಂಗಳ ರಿಯಾಯಿತಿ ಬೋರ್ಡುಗಳು ಬೀಳುವ ಮೊದಲು ಹೇಳಿಡಿ. ಆಸೆ ಬಂದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಕೆಲಮಂಗಲದ ಆ ಸದಸ್ಯರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇದೆ, ಇಲ್ಲದಿದ್ದರೆ ಹತ್ತು ವರ್ಷ ಕಟ್ಟುತ್ತಿರಲಿಲ್ಲ. ಇನ್ನೊಂದು ಡಬ್ಬಿ ಮಾಡಿಕೊಳ್ಳಿ. ತಿಂಗಳಿಗೆ ಸಾವಿರ ಕಟ್ಟುತ್ತಿದ್ದರೆ ಮೊದಲ ವರ್ಷ ಏಳುನೂರು ತೆರೆದ ಡಬ್ಬಿಗೆ, ಮುನ್ನೂರು ಆರ್‌ಡಿಗೆ. ಆಗ ವರ್ಷದ ಕೊನೆಗೆ ತುರ್ತಿಗೆ 8,400 ಇರುತ್ತದೆ. ಎರಡನೆಯ ವರ್ಷದಿಂದ ಇನ್ನೊಂದು ಏಳುನೂರರ ಆರ್‌ಡಿ ತೆರೆಯಿರಿ. ಮನೆಯವರನ್ನೂ ಸಭೆಗೆ ಕರೆದುಕೊಂಡು ಬನ್ನಿ, ಲೆಕ್ಕ ಇಬ್ಬರೆದುರೇ ಹಾಕೋಣ.

ಕಳೆದ ವರ್ಷ ನಮ್ಮ ಒಂದು ಆರ್‌ಡಿ ಮುಗಿಯಿತು. ಅದರ ರಟ್ಟಿನ ಮೇಲೆ ನಾನು ಬರೆದದ್ದು "ಬಳೆ" ಎಂದು. ಚಿನ್ನದ ಈಗಿನ ಬೆಲೆಗೆ ಎರಡು ಬರಲಿಲ್ಲ, ಒಂದು ಬಂತು. ಇನ್ನೊಂದರ ಕಂತು ನಡೆಯುತ್ತಿದೆ.

ಸಭೆಗೆ ತಪ್ಪದೆ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ